'ಕಿಸ್ ಮಿ ಕೇಟ್' ನಾಟಕದಲ್ಲಿ ಲಿಲಿ ಕೊನೆಗೆ ವಾಪಸ್ ಬರುವುದು ಯಾಕೆ?

ತೆರೆಮರೆ:
ಎಲ್ಲರಿಗೂ ನಮಸ್ಕಾರ. 'ಕಿಸ್ ಮಿ ಕೇಟ್' ರೆಕಾರ್ಡಿಂಗ್ ನೋಡಿದೆ, ಕೋಲ್ ಪೋರ್ಟರ್ ಹಾಡುಗಳು ತಲೆಯಿಂದ ಹೋಗುತ್ತಿಲ್ಲ. ನೋಡದವರಿಗೆ ಕಥೆ ಚುಟುಕಾಗಿ: ಫ್ರೆಡ್, ಲಿಲಿ ಇಬ್ಬರೂ ನಟರು, ಡೈವೋರ್ಸ್ ಆಗಿ ಇವತ್ತಿಗೆ ಸರಿಯಾಗಿ ಒಂದು ವರ್ಷ. ಬಾಲ್ಟಿಮೋರ್‌ನಲ್ಲಿ ಶೇಕ್ಸ್‌ಪಿಯರನ 'ಟೇಮಿಂಗ್ ಆಫ್ ದ ಶ್ರೂ' ಸಂಗೀತ ನಾಟಕವಾಗಿ ಆಡುತ್ತಿದ್ದಾರೆ, ಅದರಲ್ಲಿ ಇವರೇ ಗಂಡ ಹೆಂಡತಿ, ಲಿಲಿಯ ಪಾತ್ರದ ಹೆಸರು ಕ್ಯಾಥರೀನ್, ಅಂದರೆ ಕೇಟ್. ಸ್ಟೇಜ್ ಮೇಲೂ ಜಗಳ, ಡ್ರೆಸ್ಸಿಂಗ್ ರೂಮಿನಲ್ಲೂ ಜಗಳ. ಆಟದ ಮಧ್ಯದಲ್ಲೇ ಫ್ರೆಡ್ ಅವಳಿಗೆ ನಿಜವಾಗಿ ಹೊಡೆಯುತ್ತಾನೆ. ಅವಳು ಬಿಟ್ಟು ಹೊರಡುತ್ತಾಳೆ. ಆಮೇಲೆ ನೋಡಿದರೆ ಕೊನೇ ದೃಶ್ಯಕ್ಕೆ ಬಂದು, ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕು ಅನ್ನುವ ಕ್ಯಾಥರೀನಳ ಮಾತು ಹಾಡುತ್ತಾಳೆ! ಇದಕ್ಕೆ ಕಾರಣ ಎಲ್ಲಿದೆ? ನಮ್ಮ ಹವ್ಯಾಸಿ ತಂಡದಲ್ಲಿ ಇದನ್ನು ಓದಿ ಚರ್ಚೆ ಮಾಡಬೇಕು ಅಂತ ಇದ್ದೇವೆ, ಅದಕ್ಕೇ ಕೇಳುತ್ತಿದ್ದೇನೆ.

ಸೈಡ್‌ವಿಂಗ್:
ಕಾರಣ ಇದೆ, ಹೂವಿನ ಪ್ರಸಂಗ ಇನ್ನೊಮ್ಮೆ ನೋಡಿ. ಫ್ರೆಡ್ ಹೂಗುಚ್ಛ ಕಳಿಸಿದ್ದು ಲೋಯಿಸ್ ಅನ್ನುವ ಹುಡುಗಿಗೆ, ಅದು ತಪ್ಪಿ ಲಿಲಿಯ ರೂಮಿಗೆ ಹೋಗುತ್ತದೆ. ಅವಳ ಮದುವೆ ದಿನ ಹಿಡಿದಿದ್ದಂಥದೇ ಹೂಗುಚ್ಛ ಅದು. ಆಗಲೇ ಅಲ್ವಾ ಅವಳು ಒಬ್ಬಳೇ ಕೂತು 'ಸೋ ಇನ್ ಲವ್' ಹಾಡುವುದು. ಜೊತೆಗಿದ್ದ ಚೀಟಿಯನ್ನು ಓದದೆ ಎದೆಯ ಹತ್ತಿರ ಸಿಕ್ಕಿಸಿಕೊಂಡು ಸ್ಟೇಜಿಗೆ ಹೋಗುತ್ತಾಳೆ, ಆಟದ ನಡುವೆ ಬಿಡಿಸಿ ಓದುತ್ತಾಳೆ, ಅಲ್ಲಿಂದಾಚೆ ಕ್ಯಾಥರೀನಳ ಸಿಟ್ಟು ಯಾವುದು ಲಿಲಿಯ ಸಿಟ್ಟು ಯಾವುದು ಅಂತ ಹೇಳೋಕೆ ಆಗಲ್ಲ. ಎರಡನೇ ಅಂಕದಲ್ಲಿ ಅವಳು ಹೊರಟಾಗ ಅದೇ ಹಾಡು ಫ್ರೆಡ್ ಬಾಯಲ್ಲಿ ಬರುತ್ತದೆ. ಇಬ್ಬರ ಸಂಕಟವೂ ಒಂದೇ. ಬಾಯಿಬಿಟ್ಟು ಹೇಳಿಕೊಂಡಿಲ್ಲ ಅಷ್ಟೇ.

ಇನ್ನು ಅವಳನ್ನು ಮದುವೆಯಾಗಲು ಬಂದ ಹ್ಯಾರಿಸನ್ ಹೋವೆಲ್. ದುಡ್ಡಿದೆ, ವಾಷಿಂಗ್ಟನ್‌ನಲ್ಲಿ ಪ್ರಭಾವ ಇದೆ, ಆದರೆ ಅವನ ಹಿಂದೆ ಹೋದರೆ ನಾಟಕದ ಬದುಕು ಮುಗಿಯಿತು. ಹಾಗಾಗಿ ಅವಳು ಬರುವುದು ಗಂಡನಿಗಾಗಿ ಅನ್ನುವುದಕ್ಕಿಂತ ಸ್ಟೇಜಿಗಾಗಿ ಅಂತ ನನಗೆ ಅನಿಸುತ್ತದೆ.

ಹಿಂದಿನ ಬೆಂಚು:
ಒಪ್ಪಲ್ಲ ಸಾರ್. ಹಾಡು ಚೆನ್ನಾಗಿದೆ ಅಂತ ಹೊಡೆತ ಮಾಫಿ ಆಗಲ್ಲ. ಬೆಳೆದ ಹೆಂಗಸನ್ನು ಮಗುವಿನ ಹಾಗೆ ತೊಡೆ ಮೇಲೆ ಬೋರಲು ಹಾಕಿಕೊಂಡು ಬಾರಿಸುತ್ತಾನೆ. ಆಮೇಲೆ ಅವಳಿಗೆ ಕೂರಲೂ ಆಗುವುದಿಲ್ಲ, ಅದನ್ನೂ ತಮಾಷೆ ಮಾಡಿದ್ದಾರೆ. ಸರಿ ಹೊರಡೋಣ ಅಂದರೆ ಇಬ್ಬರು ಗೂಂಡಾಗಳು ಅಡ್ಡ ನಿಲ್ಲುತ್ತಾರೆ. ಜೂಜಿನಲ್ಲಿ ಸೋತವನು ಅದೇ ತಂಡದ ಇನ್ನೊಬ್ಬ ನಟ ಬಿಲ್, 10,000 ಡಾಲರ್ ಸಾಲದ ಚೀಟಿಗೆ ಅವನು ಹಾಕಿದ್ದು ಫ್ರೆಡ್‌ನ ಹೆಸರು, ಟಿಕೆಟ್ ದುಡ್ಡು ಬರಬೇಕಾದರೆ ಅವಳು ಆಡಲೇಬೇಕು ಅಂತ ಹೆದರಿಸಿ ನಿಲ್ಲಿಸುತ್ತಾರೆ. ಅವರು ಬಿಟ್ಟ ಮೇಲಷ್ಟೇ ಅವಳು ಹೊರಡುವುದು. ಇಷ್ಟೆಲ್ಲ ಆದ ಮೇಲೆ ಬರುವ ಮಾತು ಕ್ಯಾಥರೀನಳ ಆ ಕೊನೇ ಮಾತು. 2019ರಲ್ಲಿ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯಲ್ಲಿ ಕೆಲ್ಲಿ ಒಹಾರಾ ಲಿಲಿ ಮಾಡಿದಾಗ, ಹೆಂಗಸರ ಮೇಲಿದ್ದ ಆ ಸಾಲನ್ನು ಮನುಷ್ಯರೆಲ್ಲರಿಗೂ ಅನ್ವಯಿಸುವ ಹಾಗೆ ತಿದ್ದಿದರು. ಸುಮ್ನೆ ತಿದ್ದಿದರಾ? ನಮ್ಮಲ್ಲೂ ಇದೇ ಶೇಕ್ಸ್‌ಪಿಯರ್ ಕಥೆ ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕವಾಗಿ, ಆಮೇಲೆ 1989ರಲ್ಲಿ 'ನಂಜುಂಡಿ ಕಲ್ಯಾಣ' ಸಿನಿಮಾ ಆಗಿ ಬಂತು. ಜಂಬದ ಹುಡುಗಿಯನ್ನು ಗಂಡ ಬಗ್ಗಿಸುವುದಕ್ಕೆ ನಾವೂ ಶಿಳ್ಳೆ ಹೊಡೆದಿದ್ದೇವೆ. ಈಗಲಾದರೂ ಕೇಳಬೇಕಾದ ಪ್ರಶ್ನೆ ಇದು.

ಮೂರನೇ ಬೆಲ್:
ಬರೆದವರು ಯಾರು ಅಂತಲೂ ನೋಡಿ. ಬೆಲ್ಲಾ ಸ್ಪೆವಾಕ್, ಸ್ಯಾಮ್ ಸ್ಪೆವಾಕ್, ಗಂಡ ಹೆಂಡತಿ. ಆ ಹೊತ್ತಿನಲ್ಲಿ ಇಬ್ಬರ ಸಂಸಾರವೇ ಒಡೆದಿತ್ತು. ಬೆಲ್ಲಾ ಮೊದಲು ಶುರು ಮಾಡಿದರು, ಸ್ಯಾಮ್ ಆಮೇಲೆ ಬಂದು ಸೇರಿಕೊಂಡರು. ಬೀಜ ಸಿಕ್ಕಿದ್ದು ಕೂಡ ಇನ್ನೊಂದು ದಂಪತಿಯಿಂದ: 1935ರಲ್ಲಿ ಇದೇ ಶೇಕ್ಸ್‌ಪಿಯರ್ ನಾಟಕ ಆಡುತ್ತಿದ್ದ ಆಲ್ಫ್ರೆಡ್ ಲಂಟ್ ಮತ್ತು ಲಿನ್ ಫಾಂಟಾನ್ ತೆರೆಯ ಹಿಂದೆಯೂ ಕಿತ್ತಾಡುತ್ತಿದ್ದುದನ್ನು ಕಂಡ ಸೇಂಟ್ ಸಬ್ಬರ್ ಮುಂದೆ ಈ ನಾಟಕದ ನಿರ್ಮಾಪಕರಲ್ಲಿ ಒಬ್ಬರಾದರು. 1948ರ ಡಿಸೆಂಬರ್ 30ಕ್ಕೆ ಶುರುವಾಗಿ 1,077 ಪ್ರದರ್ಶನ ಕಂಡಿತು, ಶ್ರೇಷ್ಠ ಮ್ಯೂಸಿಕಲ್‌ಗೆ ಕೊಟ್ಟ ಮೊಟ್ಟಮೊದಲ ಟೋನಿ (ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ) ಕೂಡ ಇದಕ್ಕೇ. ಜೊತೆಯಲ್ಲಿ ಕೆಲಸ ಮಾಡುವ ಗಂಡ ಹೆಂಡತಿಗೆ ಜಗಳ ಎಲ್ಲಿ ಮುಗಿಯಿತು, ಕೆಲಸ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ ಅನ್ನುವುದು ಇದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಹೊಡೆತದ ವಿಷಯದಲ್ಲಿ ಮಾತ್ರ ನಾನು ಹಿಂದಿನ ಬೆಂಚಿನವರ ಕಡೆ.

ತೆರೆಮರೆ:
ತುಂಬಾ ಥ್ಯಾಂಕ್ಸ್. ಹೂವಿನ ದೃಶ್ಯ, ಗೂಂಡಾಗಳ ದೃಶ್ಯ, ಕೊನೇ ದೃಶ್ಯ ಮೂರನ್ನೂ ಓದಿಸುತ್ತೇವೆ. ಕೊನೇ ಮಾತನ್ನು ಲಿಲಿ ಪ್ರೇಕ್ಷಕರ ಕಡೆ ತಿರುಗಿ ಹೇಳಿದರೆ ಹೇಗೆ?

ಹಿಂದಿನ ಬೆಂಚು:
ಬೇಡ, ಉಪದೇಶ ಆಗಿಬಿಡುತ್ತದೆ. ಫ್ರೆಡ್ ಕಡೆಗೇ ಹೇಳಲಿ. ಅವಳು ಬರುತ್ತಾಳೆ ಅಂತ ಅವನಿಗೇ ಗೊತ್ತಿರಲಿಲ್ಲ, ಕೇಟ್ ಬರಲಿ ಅಂತ ಕರೆಯುವಾಗ ಖಾಲಿ ಸ್ಟೇಜ್ ನೋಡುತ್ತಾ ನಿಂತಿರುತ್ತಾನೆ. ಫ್ರೆಡ್ ಓದುವವರು ಅಲ್ಲಿ ನಿಜವಾಗಿ ತಡವರಿಸಬೇಕು, ಮುಂದಿನ ಮಾತು ಮರೆತವರ ಹಾಗೆ. ಅದು ಬಂದರೆ ಆ ದೃಶ್ಯ ಅವಳದ್ದಾಗುತ್ತದೆ.