ಓದುಗರ ಸ್ಪಂದನ: ಇವಳಿಗೇಕೆ ಈ ಉಸಾಬರಿ?

ಕಳೆದ ವಾರದ ಸಮಸ್ಯೆ: "ಮಗಳು ಅಮೆರಿಕದ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಸಲಿಂಗಿ ವಿದ್ಯಾರ್ಥಿಗಳ ಸಂಘಕ್ಕೆ ಮಾನ್ಯತೆ ಕೊಡಿ ಎಂದು ಗೆಳತಿಯರೊಡನೆ ಸಹಿ ಸಂಗ್ರಹಿಸುತ್ತಿದ್ದಾಳಂತೆ. ವೀಸಾ, ಬ್ಯಾಂಕಿನ ಸಾಲ ನೆನೆದರೆ ನಿದ್ದೆ ಬರುವುದಿಲ್ಲ. ಇವಳಿಗೇಕೆ ಈ ಉಸಾಬರಿ? ತಡೆಯಲೇ?"
(ಒಬ್ಬ ತಾಯಿ, ಮೈಸೂರು)

ಅಮ್ಮಾ, ನಿಮ್ಮ ಮಗಳು ಕೇಳುತ್ತಿರುವುದನ್ನು ಇಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗಳು ನಾಲ್ಕು ದಶಕಗಳ ಹಿಂದೆಯೇ ಕೇಳಿದ್ದರು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಕೂಡ ಕ್ಯಾಥೊಲಿಕ್ಕರದೇ, ಜೆಸ್ವಿಟ್ ಎಂಬ ಪಾದ್ರಿಗಳ ಸಂಘದ ಪರಂಪರೆಯ ವಿಶ್ವವಿದ್ಯಾಲಯ. ಮಾನ್ಯತೆ ಸಿಗದಿದ್ದಾಗ ಅಲ್ಲಿನ ಸಲಿಂಗಿ ವಿದ್ಯಾರ್ಥಿಗಳು 1980ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 1987ರಲ್ಲಿ ಬಂದ ತೀರ್ಪು ಸ್ವಾರಸ್ಯಕರವಾಗಿದೆ: ಸಂಘವನ್ನು ಒಪ್ಪಿದ್ದೇವೆಂದು ವಿಶ್ವವಿದ್ಯಾಲಯ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆದರೆ ಇತರ ಸಂಘಗಳಿಗೆ ಕೊಡುವ ಸೌಲಭ್ಯಗಳನ್ನು ಇದಕ್ಕೂ ಕೊಡಲೇಬೇಕು. ಮುನಿದ ಅತ್ತೆ ಮಾತು ಬಿಟ್ಟರೂ ಊಟ ಬಡಿಸುವುದಿಲ್ಲವೇ, ಹಾಗೆ! 2007ರಲ್ಲಿ ಸಲಿಂಗಿ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾದಾಗ ಮತ್ತೆ ಚಳವಳಿ ಎದ್ದಿತು. ಮರುವರ್ಷ ಅವರಿಗಾಗಿಯೇ ಒಂದು ಕೇಂದ್ರ ತೆರೆಯಿತು.

ಆದರೆ ಎಚ್ಚರ. ಆ ತೀರ್ಪಿಗೆ ಆಧಾರವಾದದ್ದು ವಾಷಿಂಗ್ಟನ್ ನಗರದ ಮಾನವ ಹಕ್ಕುಗಳ ಕಾಯ್ದೆ. ಬೇರೆ ರಾಜ್ಯಗಳಲ್ಲೂ ಅದೇ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ಸಹಿ ಸಂಗ್ರಹಕ್ಕೂ ಪೊಲೀಸರು ಬಂಧಿಸುವಂಥ ಧರಣಿಗೂ ವಿದೇಶಿ ವಿದ್ಯಾರ್ಥಿಯ ಪಾಲಿಗೆ ಅಜಗಜಾಂತರ. ಮುಂದಿನ ಹೆಜ್ಜೆ ಇಡುವ ಮೊದಲು ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಕೇಳಲಿ.
(ಓದುಗ, ವರ್ಜೀನಿಯಾ)

ಸಾಲ ತೀರುವವರೆಗೆ ಓದು, ಆಮೇಲೆ ಹೋರಾಟ. ನನ್ನ ಮಗನಿಗೂ ಇದನ್ನೇ ಹೇಳಿದ್ದೇನೆ. ಅವನು ಕೇಳಿದನೇ ಎಂಬುದು ಬೇರೆ ಮಾತು.
(ಓದುಗ, ದಾವಣಗೆರೆ)

ತಂಗಿ, ನಾನು ಪ್ರತಿ ಭಾನುವಾರ ಚರ್ಚಿಗೆ ಹೋಗುವವಳು. ನಮ್ಮ ಕ್ಯಾಥೊಲಿಕ್ ಧರ್ಮಸಭೆ ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ 1992ರಲ್ಲಿ ಹೊರಬಂದ ನಮ್ಮ ಧರ್ಮೋಪದೇಶ ಗ್ರಂಥದ 2358ನೆಯ ಪರಿಚ್ಛೇದ ಇಂಥವರನ್ನು ಗೌರವ, ಕನಿಕರಗಳಿಂದ ಕಾಣಬೇಕು, ಅನ್ಯಾಯವಾಗಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಪಾದ್ರಿಗಳ ಎದುರು ಈ ಸಂಖ್ಯೆಯನ್ನು ಹೇಳಲು ಮಗಳಿಗೆ ತಿಳಿಸಿ. ನಲವತ್ತು ವರ್ಷ ಪಾಠ ಮಾಡಿದವಳ ಅನುಭವ ಇದು: ಘೋಷಣೆ ಕೂಗುವ ವಿದ್ಯಾರ್ಥಿಗಿಂತ ಪಠ್ಯದ ಪುಟ ತೆರೆದು ತೋರಿಸುವ ವಿದ್ಯಾರ್ಥಿಗೆ ಮೇಷ್ಟರು ಹೆಚ್ಚು ಹೆದರುತ್ತಾರೆ.
(ನಿವೃತ್ತ ಶಿಕ್ಷಕಿ, ಮಂಗಳೂರು)

"ಇವಳಿಗೇಕೆ ಈ ಉಸಾಬರಿ?" ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಈ ಸಾಲು. ಸಲಿಂಗಿ ಗೆಳತಿಯ ಪರ ನಿಂತಿರಬಹುದು, ತನಗಾಗಿಯೇ ನಿಂತಿರಲೂಬಹುದು. ನೀವಾಗಿ ಕೆದಕಬೇಡಿ. ಆದರೆ ಫೋನಿನಲ್ಲಿ ಈ ವಾಕ್ಯವನ್ನು ಮಾತ್ರ ಆಡಬೇಡಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು, ಅಂದರೆ ನಾನು ಅಪರಾಧಿಯಲ್ಲ ಎಂದಿತು. ಅಮ್ಮನಿಗೆ ಹೇಳಲು ಅದರ ನಂತರವೂ ಮೂರು ವರ್ಷ ಬೇಕಾಯಿತು. ಟಿವಿಯಲ್ಲಿ ನಮ್ಮವರ ಮೆರವಣಿಗೆ ಕಂಡಾಗಲೆಲ್ಲ ಅಮ್ಮ ಚಾನೆಲ್ ಬದಲಿಸುತ್ತಿದ್ದರು. ಕೊನೆಗೊಮ್ಮೆ ಕೇಳಿದೆ. ಧಾರಾವಾಹಿಯ ಹೊತ್ತಾಗಿರುತ್ತಿತ್ತಂತೆ.
(ಓದುಗ, ಬೆಂಗಳೂರು)