ಪ್ರಕಟವಾಗದ ಆಕರಗಳನ್ನು ಉಲ್ಲೇಖಿಸಿದ್ದಕ್ಕೆ ಲೇಖನ ಹಿಂದಿರುಗಿದೆ: ಅನುಭವ ಇರುವವರು ದಯವಿಟ್ಟು ಹೇಳಿ

ಕೇಳಿದವರು, ದಾವಣಗೆರೆಯ ಸಂಶೋಧನಾ ವಿದ್ಯಾರ್ಥಿನಿ:

ಜಗಳೂರು ತಾಲ್ಲೂಕಿನ ಕೊಳವೆಬಾವಿಗಳಲ್ಲಿರುವ ಫ್ಲೋರೈಡ್ ನನ್ನ ಪಿಎಚ್.ಡಿ. ವಿಷಯ. ಮೊದಲ ಲೇಖನವನ್ನು ಜರ್ನಲ್‌ನವರು ‘ಪ್ರಕಟವಾಗದ ಆಕರಗಳನ್ನು ಸರಿಪಡಿಸಿ’ ಎಂದು ಹಿಂದಿರುಗಿಸಿದ್ದಾರೆ. ಗುರುತು ಹಾಕಿರುವುದು ನಾಲ್ಕಕ್ಕೆ: ಒಂದು ಪ್ರಿಪ್ರಿಂಟ್ (ಪರಿಶೀಲನೆಗೆ ಮೊದಲೇ ಅಂತರ್ಜಾಲದಲ್ಲಿ ಹಾಕಿದ ಲೇಖನ), ಹಿರಿಯರೊಬ್ಬರ ಎಂ.ಎಸ್ಸಿ. ಪ್ರಬಂಧ, ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದ ಅಂಕಿಗಳು, ಬೇರೊಂದು ಜರ್ನಲ್‌ನ ಪರಿಶೀಲನೆಯಲ್ಲಿರುವ ನನ್ನದೇ ಇನ್ನೊಂದು ಲೇಖನ. ನಾಲ್ಕನ್ನೂ ತೆಗೆದುಬಿಡಲೇ? ತೆಗೆದರೆ ವಾದವೇ ಕುಸಿಯುತ್ತದೆ.

ದಾವಣಗೆರೆಯಿಂದ, ಕಾಲೇಜು ಅಧ್ಯಾಪಕಿ:

ತೆಗೆಯಬೇಡಿ. ಒಬ್ಬರ ಕೆಲಸವನ್ನು ಬಳಸಿಕೊಂಡು ಹೆಸರು ಹೇಳದೆ ಬಿಡುವುದು ಉಲ್ಲೇಖದ ರೂಪ ಕೆಡುವುದಕ್ಕಿಂತ ದೊಡ್ಡ ತಪ್ಪು. ಆದರೆ ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪ್ರಿಪ್ರಿಂಟ್ ವಿಷಯದಲ್ಲಿ ನಾನು ಸುಟ್ಟುಕೊಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಲೇಖನವೊಂದು ಪ್ರಿಪ್ರಿಂಟ್‌ನ ಒಂದು ಸರಾಸರಿಯನ್ನು ಆಧರಿಸಿತ್ತು: ಲೀಟರಿಗೆ 1.6 ಮಿಲಿಗ್ರಾಂ ಫ್ಲೋರೈಡ್. ಲೇಖನ ಪರಿಶೀಲನೆಯಲ್ಲಿದ್ದಾಗ ಆ ಲೇಖಕರು ಲೆಕ್ಕ ತಿದ್ದಿ ಹೊಸ ಆವೃತ್ತಿ ಹಾಕಿದರು, ಸರಾಸರಿ 1.4ಕ್ಕೆ ಇಳಿಯಿತು. ಬೇರೆ ನೀರಿಲ್ಲದ ಕಡೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಒಪ್ಪುವ ಗರಿಷ್ಠ ಮಿತಿ 1.5. ನನ್ನ ಇಡೀ ವಾದ ಆ ಗೆರೆಯ ಮೇಲೆಯೇ ನಿಂತಿತ್ತು. ನಾನು ಯಾವ ಆವೃತ್ತಿ ಓದಿದ್ದೆನೆಂದು ಬರೆದಿರಲಿಲ್ಲ. ಪರಿಶೀಲಕರು ಹೊಸದನ್ನು ತೆರೆದು ನೋಡಿ, ಅಂಕಿಯನ್ನು ನಾನೇ ಏರಿಸಿದ್ದೇನೆ ಎಂದು ಭಾವಿಸಿದರು. ಆ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಆವೃತ್ತಿಯ ಸಂಖ್ಯೆ, ಹಾಕಿದ ದಿನಾಂಕ, ಡಿಒಐ (ಲೇಖನದ ಶಾಶ್ವತ ಗುರುತುಸಂಖ್ಯೆ), ‘ಪ್ರಿಪ್ರಿಂಟ್’ ಎಂಬ ಪದ, ಇವುಗಳಲ್ಲಿ ಒಂದನ್ನೂ ಬಿಡುವುದಿಲ್ಲ. ಲೇಖನ ಕಳುಹಿಸುವ ಹಿಂದಿನ ದಿನ ಮತ್ತು ಅಂತಿಮ ಕರಡು ತಿದ್ದುವಾಗ, ಅದು ಈಗಾಗಲೇ ಜರ್ನಲ್‌ನಲ್ಲಿ ಅಚ್ಚಾಗಿದೆಯೇ ಎಂದು ಹುಡುಕುತ್ತೇನೆ. ಅಚ್ಚಾಗಿದ್ದರೆ ಅದನ್ನು ಮತ್ತೆ ಓದಿ, ಅದನ್ನೇ ಉಲ್ಲೇಖಿಸುತ್ತೇನೆ. ಬರೀ ಹೆಸರು ಬದಲಿಸಿದರೆ ಸಾಲದು, ಕೋಷ್ಟಕವೇ ಬದಲಾಗಿರಬಹುದು.

ಪ್ರಿಪ್ರಿಂಟ್ ಎಂದರೆ ಕೀಳು ಎಂದು ಯಾರಾದರೂ ಹೇಳಿದರೆ ಕುಗ್ಗಬೇಡಿ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ ಪ್ರಿಪ್ರಿಂಟ್ ತಾಣ ಆರ್ಕೈವ್‌ನಲ್ಲಿಯೇ ರಷ್ಯಾದ ಗಣಿತಜ್ಞ ಪೆರೆಲ್ಮನ್ 2002 ಮತ್ತು 2003ರಲ್ಲಿ ಪಾಂಕರೆ ಊಹೆ ಎಂಬ ಹಳೆಯ ಗಣಿತ ಸಮಸ್ಯೆಯ ಸಾಧನೆಯನ್ನು (ಪುರಾವೆಯನ್ನು) ಇಟ್ಟರು, ಯಾವ ಜರ್ನಲ್‌ಗೂ ಕೊಡಲಿಲ್ಲ. ಆದರೂ ನಿಯಮ ಜರ್ನಲ್‌ನಿಂದ ಜರ್ನಲ್‌ಗೆ ಬೇರೆ. ನೇಚರ್ ಜರ್ನಲ್ ಸಮೂಹದವರು ಪ್ರಿಪ್ರಿಂಟನ್ನು ಉಲ್ಲೇಖಪಟ್ಟಿಯಲ್ಲಿಯೇ ಸೇರಿಸಲು ಬಿಡುತ್ತಾರೆ, ನಿಮ್ಮ ಜರ್ನಲ್ ಬಿಡದಿರಬಹುದು. ಲೇಖಕರ ಸೂಚನೆಗಳ ಪುಟದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಸಂಪಾದಕರಿಗೆ ಎರಡು ಸಾಲು ಬರೆದು ಕೇಳಿ.

ಎಂ.ಎಸ್ಸಿ. ಪ್ರಬಂಧಕ್ಕೆ ವಿಭಾಗ, ವಿಶ್ವವಿದ್ಯಾನಿಲಯ, ವರ್ಷ ಬರೆದು, ಪ್ರತಿ ಎಲ್ಲಿ ಸಿಗುತ್ತದೆ ಎಂದು ತಿಳಿಸಿದರೆ ಸಾಕು. ಆ ಹಿರಿಯರು ಅದನ್ನೇ ಬೆಳೆಸಿ ಪಿಎಚ್.ಡಿ. ಮಾಡಿದ್ದರೆ ಭಾರತದ ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಹುಡುಕಿ, ಅಲ್ಲಿ ಶಾಶ್ವತ ಕೊಂಡಿ ಸಿಗುತ್ತದೆ.

ಫೋನಿನ ಅಂಕಿಗಳೇ ನಿಜವಾದ ತೊಡಕು. ಅಧಿಕಾರಿ ನಾಳೆ ವರ್ಗವಾಗುತ್ತಾರೆ, ‘ನಾನು ಹಾಗೆ ಹೇಳಲಿಲ್ಲ’ ಎನ್ನಬಹುದು, ಓದುಗರಿಗೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಇಲಾಖೆಗೆ ಅರ್ಜಿ ಕೊಟ್ಟು ಅಂಕಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಪ್ರಕಟಿಸಲು ಒಪ್ಪಿಗೆ ಕೊಟ್ಟರೆ, ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ 2013ರಿಂದ ನಡೆಸುತ್ತಿರುವ ಝೆನೊಡೊ ಎಂಬ ಮುಕ್ತ ಭಂಡಾರದಲ್ಲಿ ದತ್ತಾಂಶವಾಗಿ ಹಾಕಿ. ಉಚಿತವಾಗಿ ಡಿಒಐ ಬರುತ್ತದೆ, ಆಕ್ಷೇಪವೂ ಮುಗಿಯುತ್ತದೆ.

ಚಿತ್ರದುರ್ಗದಿಂದ, ವೈದ್ಯರು:

ವೈದ್ಯಕೀಯ ಜರ್ನಲ್‌ಗಳಿಗೆ ಐಸಿಎಂಜೆಇ ಎಂಬ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳಿವೆ, ಬೇರೆ ವಿಷಯದವರೂ ಒಮ್ಮೆ ಓದಬೇಕು. ಅದರ ಪ್ರಕಾರ ಬಾಯಿಮಾತಿನ ಮಾಹಿತಿ ಅನಿವಾರ್ಯವಾದರೆ ಮಾತ್ರ ಬರಬೇಕು. ಹೇಳಿದವರ ಹೆಸರು ಮತ್ತು ದಿನಾಂಕ ಪಠ್ಯದೊಳಗೇ ಆವರಣದಲ್ಲಿರಬೇಕು, ಅವರ ಲಿಖಿತ ಅನುಮತಿಯೂ ಬೇಕು. ನಿಮ್ಮದೇ ಲೇಖನದ ಪ್ರಶ್ನೆಗೂ ಅಲ್ಲಿ ಉತ್ತರವಿದೆ: ಸ್ವೀಕೃತವಾಗಿದ್ದರೆ ‘ಅಚ್ಚಿನಲ್ಲಿದೆ’ ಎಂದು ಉಲ್ಲೇಖಪಟ್ಟಿಗೆ ಸೇರಿಸಬಹುದು, ಬರೀ ಸಲ್ಲಿಸಿದ್ದಾದರೆ ‘ಅಪ್ರಕಟಿತ’ ಎಂದು ಪಠ್ಯದಲ್ಲಷ್ಟೇ ಹೇಳಬೇಕು. ಅದನ್ನು ಪ್ರಿಪ್ರಿಂಟ್ ಆಗಿ ಹಾಕಿ ಉಲ್ಲೇಖಿಸುವ ದಾರಿಯೂ ಇದೆ. ಆದರೆ ಅದನ್ನು ಪರಿಶೀಲಿಸುತ್ತಿರುವ ಜರ್ನಲ್ ಪ್ರಿಪ್ರಿಂಟ್‌ಗೆ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ನನಗೆ ಪ್ರಿಪ್ರಿಂಟ್ ಬಗ್ಗೆ ಭಯ ಹುಟ್ಟಿಸಿದ್ದು 2020ರ ಜನವರಿಯ ಕೊನೆ. ಕೊರೊನಾ ವೈರಾಣುವಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂಬ ದೆಹಲಿ ಸಂಶೋಧಕರ ಬರಹ ಜೀವವಿಜ್ಞಾನದ ಪ್ರಿಪ್ರಿಂಟ್ ತಾಣ ಬಯೋಆರ್ಕೈವ್‌ನಲ್ಲಿ ಬಂತು, ಟೀಕೆ ಬಂದ ಕೆಲವೇ ದಿನಗಳಲ್ಲಿ ಲೇಖಕರು ಹಿಂಪಡೆದರು. ನನ್ನ ರೋಗಿಗಳು ಮಾತ್ರ ತಿಂಗಳುಗಟ್ಟಲೆ ಅದನ್ನೇ ಕೇಳುತ್ತಿದ್ದರು. ಹಿಂಪಡೆದ ಗುರುತು ಇದೆಯೇ ಎಂದು ಆ ಪುಟವನ್ನೇ ತೆರೆದು ನೋಡಿ. ಕಂಪ್ಯೂಟರಿನಲ್ಲಿ ಉಳಿಸಿಕೊಂಡ ಪಿಡಿಎಫ್ ಅದನ್ನು ಹೇಳುವುದಿಲ್ಲ.

ಮೊಳಕಾಲ್ಮೂರಿನಿಂದ, ಇತಿಹಾಸದ ಸಂಶೋಧಕ:

ನನ್ನ ಆಕರ ನಿವೃತ್ತ ಶಾಲಾ ಮೇಷ್ಟ್ರೊಬ್ಬರು. ಬ್ರಹ್ಮಗಿರಿಯ ಸುತ್ತಲಿನ ಊರುಗಳಲ್ಲಿ ತಿರುಗಿ ವೀರಗಲ್ಲುಗಳ ಬರಹವನ್ನು ನೋಟ್‌ಪುಸ್ತಕಗಳಲ್ಲಿ ಇಳಿಸಿಕೊಂಡಿದ್ದರು. ಅದರಲ್ಲಿ ಒಂದು ಕಲ್ಲು ಈಗ ರಸ್ತೆಯ ಕೆಳಗೆ ಹೋಗಿದೆ. ‘ವೈಯಕ್ತಿಕ ಮಾಹಿತಿ’ ಎಂದು ಬರೆದಿದ್ದೆ, ಸಂಪಾದಕರು ಒಪ್ಪಲಿಲ್ಲ. ಮೇಷ್ಟ್ರ ಒಪ್ಪಿಗೆ ಪತ್ರ ಪಡೆದು, ಪುಸ್ತಕಗಳಿಗೆ ಪುಟಸಂಖ್ಯೆ ಹಾಕಿ, ಫೋಟೊ ತೆಗೆದು, ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟೆವು. ಆಮೇಲೆ ಅವರ ಹೆಸರು, ‘ಹಸ್ತಪ್ರತಿ’, ಪುಸ್ತಕದ ಸಂಖ್ಯೆ, ಪುಟ ಎಂದು ಉಲ್ಲೇಖಿಸಿದೆ. ಮರುಮಾತಿಲ್ಲದೆ ಒಪ್ಪಿದರು. ಅಚ್ಚಾದ ಪ್ರತಿಯನ್ನು ಮನೆಗೆ ಒಯ್ದಾಗ ಮೇಷ್ಟ್ರು ಲೇಖನ ಓದುವ ಮೊದಲು ಕೊನೆಯ ಪುಟ ತೆರೆದು, ತಮ್ಮ ಹೆಸರಿದ್ದ ಸಾಲನ್ನು ಬೆರಳಿಟ್ಟು ಓದಿದರು.