ಗಾಲ್ಫಲ್ಲಿ ಗ್ರೀನ್ ಫೀ (ಒಂದು ರೌಂಡ್ ಆಡೋಕೆ ಕಟ್ಟೋ ದುಡ್ಡು) ಜಾಸ್ತಿ ಕೊಟ್ಟಷ್ಟೂ ಬೈಯೋದೂ ಜಾಸ್ತಿ ಆಗುತ್ತಾ?

ಬೋಗಿ_ಬಸವನಗುಡಿ:
ಹೊರಗಿನ ಊರಲ್ಲಿ ಒಂದು ಸರ್ಕಾರಿ ಪಬ್ಲಿಕ್ ಗಾಲ್ಫ್ ಕೋರ್ಸಲ್ಲಿ ಆಡ್ದೆ, ಹೆಸರು ಬೇಡ ಬಿಡಿ. ಫೀ ತುಂಬಾ ಕಮ್ಮಿ. ಬಂಕರಲ್ಲಿ ಮರಳಿಗಿಂತ ಕಲ್ಲು ಜಾಸ್ತಿ, ಟೀ ಬಾಕ್ಸ್ (ಮೊದಲ ಹೊಡೆತ ಹೊಡೆಯೋ ಜಾಗ) ಬೋಳು, ಆದ್ರೂ ಖುಷಿಯಾಗಿ ವಾಪಸ್ ಬಂದೆ. ಆಮೇಲೆ ಇಲ್ಲೇ ಬೆಂಗಳೂರಿಂದ ಸ್ವಲ್ಪ ಆಚೆ ಒಂದು ರೆಸಾರ್ಟ್ ಕೋರ್ಸಿಗೆ ಶನಿವಾರದ ರೇಟು, ಕಾರ್ಟು, ಬ್ಯಾಗ್ ಹೊರೋ ಕ್ಯಾಡಿ, ಜಿಎಸ್‌ಟಿ ಎಲ್ಲಾ ಸೇರಿಸಿ ಕಟ್ಟಿ ಆಡಿದ್ರೆ, ಗ್ರೀನ್ (ಕುಳಿ ಸುತ್ತ ಸಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಸ್ವಲ್ಪ ಸ್ಲೋ ಇತ್ತು, ಬಾಲ್ ಅಷ್ಟು ಓಡ್ತಿರ್ಲಿಲ್ಲ ಅಷ್ಟೇ, ಅದಕ್ಕೇ ದಿನವಿಡೀ ಮೂಡ್ ಆಫ್. ನ್ಯಾಯವಾಗಿ ನೋಡಿದ್ರೆ ಎರಡನೇದೇ ಚೆನ್ನಾಗಿತ್ತು. ರೇಟಿಂಗ್ ಹಾಕೋಕೆ ಕೂತಾಗ ಮಾತ್ರ ಮೊದಲನೇದಕ್ಕೆ ನಾಲ್ಕು ಸ್ಟಾರ್, ಇದಕ್ಕೆ ಮೂರು. ನಿಮಗೂ ಹಿಂಗೇ ಆಗುತ್ತಾ?

ಭಾನುವಾರದ_ಫೋರ್‌ಬಾಲ್:
ಆಗದೆ ಏನು ಗುರು. ಕೆಂಪು ಬಸ್ಸಲ್ಲಿ ಕಿಟಕಿ ಗಡಗಡ ಅಂದ್ರೆ ಅದೇ ಜೋಗುಳ, ಐರಾವತದಲ್ಲಿ ಎಸಿಯಿಂದ ಒಂದು ಹನಿ ಬಿದ್ರೆ ಡಿಪೋ ಮ್ಯಾನೇಜರ್ ನಂಬರ್ ಹುಡುಕ್ತೀವಿ.
ಆದ್ರೆ ನಮ್ಮೂರಲ್ಲಿ ಇನ್ನೊಂದು ತೊಂದ್ರೆ ಇದೆ. ದೆಹಲಿಯಲ್ಲಿ ಡಿಡಿಎ ನಡೆಸೋ ಕುತುಬ್ ಗಾಲ್ಫ್ ಕೋರ್ಸ್ ಇದ್ಯಲ್ಲ, 2000ದಲ್ಲಿ ಶುರುವಾಗಿದ್ದು, ಆ ಥರ ಬಿಡಿಎನೋ ಪಾಲಿಕೆನೋ ನಡೆಸೋ 18 ಹೋಲ್ ಕೋರ್ಸ್ ಇಲ್ಲಿ ಎಲ್ಲಿದೆ? ನಾವು ಆಟ ಕಲಿತಿದ್ದೇ ಯಾರೋ ಮೆಂಬರ್ ಜೊತೆ ಗೆಸ್ಟ್ ಆಗಿ ಹೋಗಿ, 1876ರ ಬೆಂಗಳೂರು ಗಾಲ್ಫ್ ಕ್ಲಬ್, ಇಲ್ಲಾಂದ್ರೆ ಚಲ್ಲಘಟ್ಟದ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್). ಅಲ್ಲಿ ನೋಡಿದ ಗ್ರೀನೇ ಕಣ್ಣಲ್ಲಿ ಕೂತಿರುತ್ತೆ. ಆ ಗ್ರೀನಿಗೆ ಮೆಂಬರ್‌ಗಳು ವರ್ಷಾನುಗಟ್ಟಲೆ ಕಟ್ಟಿರೋ ದುಡ್ಡು ಲೆಕ್ಕಕ್ಕೇ ಬರಲ್ಲ, ನಮಗೆ ಕಾಣೋದು ಗೆಸ್ಟ್ ಫೀ ಒಂದೇ, ಅದನ್ನ ಹಿಡ್ಕೊಂಡು ‘ಅಲ್ಲಿ ಇಷ್ಟಕ್ಕೇ ಸಿಗುತ್ತೆ’ ಅಂತ ಪಬ್ಲಿಕ್ ಕೋರ್ಸನ್ನ ಅಳೀತೀವಿ.

ಹುಲ್ಲಿನ_ಹುಚ್ಚ:
ಗ್ರೌಂಡ್ಸ್ ಕಡೆ ಕೆಲಸ ಮಾಡಿರೋದ್ರಿಂದ ಹೇಳ್ತೀನಿ. ಸ್ಲೋ ಗ್ರೀನ್ ಅಂದ್ರೆ ಕೆಟ್ಟ ಗ್ರೀನ್ ಅಲ್ಲ ಸರ್. ಬರ್ಮುಡಾ ಹುಲ್ಲನ್ನ ಮೂರ್ನಾಲ್ಕು ಮಿಲಿಮೀಟರ್‌ಗೆ ಇಳಿಸಿ ಕತ್ತರಿಸಿದ್ರೆ ಬಾಲ್ ಓಡುತ್ತೆ ನಿಜ, ಆದ್ರೆ ಹುಲ್ಲಿಗೆ ಬಿಸಿಲು ತಿನ್ನೋಕೆ ಎಲೆನೇ ಉಳಿಯಲ್ಲ, ಅದರ ಮೇಲೆ ದಿನವಿಡೀ ಫೋರ್‌ಬಾಲ್ (ನಾಲ್ಕು ಜನರ ಗುಂಪು) ಹಿಂದೆ ಫೋರ್‌ಬಾಲ್ ಓಡಾಡಿದ್ರೆ ಬೇರು ಸೋಲುತ್ತೆ. ಫೀ ಕಮ್ಮಿ ಇರೋ ಕಡೆ ಜನ ಜಾಸ್ತಿ, ಜನ ಜಾಸ್ತಿ ಇರೋ ಕಡೆ ಹುಲ್ಲು ಸ್ವಲ್ಪ ಉದ್ದ ಬಿಡಲೇಬೇಕು. ಮಳೆಗಾಲದಲ್ಲಂತೂ ಬ್ಲೇಡ್ ಇಳಿಸಿದ್ರೆ ಒದ್ದೆ ನೆಲ ಕಿತ್ಕೊಂಡು ಬರುತ್ತೆ.
ಇನ್ನು ಪಂಚಿಂಗ್. ಗ್ರೀನಲ್ಲಿ ತೂತು ಹೊಡೆದು ಮರಳು ಹಾಕ್ತಾರಲ್ಲ, ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ನೀರು ಇಳಿಯದೆ ಇರೋದಕ್ಕೆ ಅದು ಔಷಧಿ. ಆಮೇಲೆ ಕೆಲವು ದಿನ ಗ್ರೀನಲ್ಲಿ ಉರುಳಿಸಿದ ಬಾಲ್ (ಪಟ್) ಕುಣ್ಕೊಂಡು ಹೋಗುತ್ತೆ. ಒಳ್ಳೇ ಕೋರ್ಸಿನ ಲಕ್ಷಣ ಅದು, ರಿವ್ಯೂ ಬರೆಯೋರು ಮಾತ್ರ ‘ಮೇಂಟೆನೆನ್ಸ್ ಇಲ್ಲ’ ಅಂತ ಬರೀತಾರೆ. ಆದ್ರೆ ಆ ವಾರವೂ ಪೂರ್ತಿ ಫೀ ತಗೊಂಡು ಬಾಯಿ ಮುಚ್ಕೊಂಡಿರೋ ಕೋರ್ಸಿನವರನ್ನ ಬೈದ್ರೆ ನಾನೇನೂ ಅಡ್ಡ ಬರಲ್ಲ.

ಸೆವೆನ್_ಐರನ್_ಸುಮಾ:
ಎಲ್ಲಾ ಫೀ ಮೇಲೇ ಹಾಕ್ಬೇಡಿ. ನ್ಯೂಯಾರ್ಕ್ ರಾಜ್ಯದ ಬೆತ್‌ಪೇಜ್ ಬ್ಲ್ಯಾಕ್ ನೋಡಿ, ಸ್ಟೇಟ್ ಪಾರ್ಕ್ ಒಳಗಿರೋ ಅಪ್ಪಟ ಸರ್ಕಾರಿ ಕೋರ್ಸ್, 2002 ಮತ್ತು 2009ರ ಯುಎಸ್ ಓಪನ್, 2025ರ ರೈಡರ್ ಕಪ್ ಥರದ ದೊಡ್ಡ ಟೂರ್ನಿ ಎಲ್ಲಾ ಅಲ್ಲೇ ನಡೆದಿದ್ದು. ಆ ರಾಜ್ಯದವರಿಗೆ ಫೀ ಕಮ್ಮಿ, ಹೊರಗಿನವರಿಗೆ ಜಾಸ್ತಿ. ಕಾರ್ಟ್ ಇಲ್ಲ, ನಡ್ಕೊಂಡೇ ಆಡ್ಬೇಕು, ಮೊದಲನೇ ಟೀಯಲ್ಲೇ ‘ತುಂಬಾ ಕಷ್ಟದ ಕೋರ್ಸು, ನುರಿತವರು ಮಾತ್ರ ಆಡಿ’ ಅಂತ ಬೋರ್ಡ್. ಜನ ಆ ಬೋರ್ಡ್ ಜೊತೆ ಫೋಟೋ ತೆಗೆಸ್ಕೋತಾರೆ! ಕಮ್ಮಿ ದುಡ್ಡು ಅಂತ ಅಲ್ಲಿ ಯಾರೂ ರಿಯಾಯಿತಿ ತೋರಿಸಲ್ಲ, ಕೀಳಾಗೂ ನೋಡಲ್ಲ. ಹೆಸರು ಇದ್ರೆ ಕಷ್ಟನೂ ಬಡಾಯಿ ಆಗುತ್ತೆ. ಕ್ಯಾಲಿಫೋರ್ನಿಯಾದ ಹೆಸರಾಂತ ಪೆಬಲ್ ಬೀಚ್ ಕೋರ್ಸಲ್ಲಿ ಒಂದು ರೌಂಡಿಗೆ 600 ಡಾಲರ್ ಮೇಲೆ ಕಟ್ಟಿ ಬಂದೋರು ಎಷ್ಟು ಜನ ‘ಗ್ರೀನ್ ಸರಿ ಇರ್ಲಿಲ್ಲ’ ಅಂತಾರೆ ಹೇಳಿ? ಅಷ್ಟು ಕೊಟ್ಟ ಮೇಲೆ ಚೆನ್ನಾಗಿಲ್ಲ ಅಂದ್ರೆ ಮನೇಲಿ ಬೈಗುಳ 😄
ನನ್ನ ಪ್ರಕಾರ ಕೆಟ್ಟ ಹೆಸರು ಬರೋದು ನಡುವಿನ ಕೋರ್ಸಿಗೆ. ಅಗ್ಗ ಅಂತ ಬಿಟ್ಟುಬಿಡೋಕೂ ಆಗಲ್ಲ, ಹೆಸರು ಹೇಳ್ಕೊಂಡು ಮೆರೆಯೋಕೂ ಆಗಲ್ಲ, ಇನ್ನು ಉಳಿಯೋದು ತಪ್ಪು ಹುಡುಕೋದು ಒಂದೇ. ಬಸವನಗುಡಿಯವರು ಹೋಗಿದ್ದು ಅಂಥದ್ದಕ್ಕೇ ಇರ್ಬೇಕು.

ಬೋಗಿ_ಬಸವನಗುಡಿ:
ಸುಮಾ ಮೇಡಂ ಸರಿಯಾಗಿ ಹಿಡಿದ್ರಿ, ಅಂಥದ್ದೇ. ಆದ್ರೂ ಒಂದು ಮಾತು, ಹುಲ್ಲು ಹೆಂಗಾದ್ರೂ ಇರ್ಲಿ, ಅಷ್ಟು ದುಡ್ಡು ತಗೊಂಡ ಮೇಲೆ ಮುಂದಿನ ಗುಂಪನ್ನ ಎಬ್ಬಿಸೋಕೆ ಒಬ್ಬ ಮಾರ್ಷಲ್ ಆದ್ರೂ ಬೇಡ್ವಾ? ಪ್ರತಿ ಟೀಯಲ್ಲೂ ಕಾಯ್ದು ಕಾಯ್ದು ಸಾಕಾಯ್ತು. ಅಗ್ಗದ ಕೋರ್ಸಲ್ಲಿ ಕಾಯೋದು ಗೊತ್ತಿದ್ದೇ ಹೋಗ್ತೀವಿ. ಮತ್ತೆ ಹುಲ್ಲಿನ ಸರ್, ಪಂಚಿಂಗ್ ಆಗಿದ್ಯಾ ಅಂತ ಬುಕಿಂಗ್‌ಗೆ ಮುಂಚೆ ಫೋನ್ ಮಾಡಿದ್ರೆ ನಿಜ ಹೇಳ್ತಾರಾ?

ಹುಲ್ಲಿನ_ಹುಚ್ಚ:
ಬುಕಿಂಗ್ ಡೆಸ್ಕಲ್ಲಿ ಕೇಳಿದ್ರೆ ‘ಕೋರ್ಸ್ ಸೂಪರ್ ಆಗಿದೆ ಸರ್’ ಅಂತಾರೆ. ಗೊತ್ತಿರೋ ಕ್ಯಾಡಿ ಒಬ್ಬರ ನಂಬರ್ ಇಟ್ಕೊಳ್ಳಿ.